ಹೇಳುವವರು ಬದಲಾದರೆ ಬೀದಿಯೂ ಬೇರೆ

ಲಿಸ್ಬನ್ನಿನ ಅಲ್ಫಾಮ ಬೆಟ್ಟ ತೇಜು ನದಿಯತ್ತ ಇಳಿದು ಮುಗಿಯುವ ಕಡೆ, ದಂಡೆಯ ರಸ್ತೆಗೆ ಮುಖ ಮಾಡಿ ಒಂದು ಮನೆ ನಿಂತಿದೆ. ಮುಂಗೋಡೆಯ ತುಂಬ ವಜ್ರದ ಆಕಾರಕ್ಕೆ ಕಡೆದ, ಚೂಪು ಮೂತಿಯ ಕಲ್ಲುಗಳ ಸಾಲು. ಇದರ ಹೆಸರು ಕಾಸಾ ದುಸ್ ಬಿಕುಸ್. ಕಟ್ಟಡಗಳ ಕಥೆ ಹೇಳುವ ಗೈಡ್ ಇಲ್ಲಿ ನಿಂತರೆ ಇಟಲಿಯಿಂದ ಬಂದ ಶೈಲಿಯನ್ನು ವಿವರಿಸುತ್ತಾರೆ. 1755ರ ಭೂಕಂಪದಲ್ಲಿ ಮೇಲಿನ ಮಹಡಿಗಳು ಉರುಳಿ, 1980ರ ದಶಕದಲ್ಲಷ್ಟೇ ಮತ್ತೆ ಎದ್ದು ನಿಂತದ್ದನ್ನು ಹೇಳುತ್ತಾರೆ. ಸಾಹಿತ್ಯದ ನಡಿಗೆಗೆ ಕರೆದೊಯ್ಯುವವರಿಗೆ ಇದು ಜೊಸೆ ಸರಮಾಗು ಪ್ರತಿಷ್ಠಾನದ ಮನೆ. 1998ರಲ್ಲಿ ನೊಬೆಲ್ ಪಡೆದ ಆ ಕಾದಂಬರಿಕಾರನ ಚಿತಾಭಸ್ಮವನ್ನು ಎದುರಿನ ಆಲಿವ್ ಮರದ ಬುಡದಲ್ಲಿ ಇಟ್ಟಿದ್ದಾರೆ. ಮರ ಬಂದದ್ದು ಅವನ ಹುಟ್ಟೂರಿನಿಂದ. ಆಫ್ರಿಕಾದ ಜನರ ಚರಿತ್ರೆ ಹೇಳುವ ಗೈಡ್ ಈ ಮನೆಗೆ ಬೆನ್ನು ಹಾಕಿ, ಮುಂದಿನ ಬಯಲನ್ನು ತೋರಿಸುತ್ತಾರೆ. ಗುಲಾಮರಾಗಿ ಬಂದಿಳಿದವರಿಗೆ ಅಲ್ಲೊಂದು ಸ್ಮಾರಕ ಬೇಕೆಂದು 2017ರಲ್ಲಿ ಲಿಸ್ಬನ್ನಿನ ಜನ ಮತ ಹಾಕಿದ್ದರು. ಆ ಕೆಲಸ ವರ್ಷಗಟ್ಟಲೆ ಎಳೆದಾಡಿತು.

ಕನ್ನಡದವರಿಗೆ ಮಾತ್ರ ಇಲ್ಲಿ ಇನ್ನೂ ಒಂದು ಕಥೆ ಇದೆ. 1523ರಲ್ಲಿ ಈ ಮನೆ ಕಟ್ಟಿಸಿದ ಬ್ರಾಸ್ ದೆ ಅಲ್ಬುಕರ್ಕ್, 1510ರಲ್ಲಿ ಬಿಜಾಪುರದ ಆದಿಲಶಾಹಿಯಿಂದ ಗೋವಾ ಕಸಿದುಕೊಂಡ ಅಫೊನ್ಸೊ ದೆ ಅಲ್ಬುಕರ್ಕನ ಮಗ. ಬೇರೆಲ್ಲಿಗೋ ಹೊರಟಿದ್ದ ಆ ಸೇನಾನಿಗೆ ಗೋವಾದ ಮೇಲೆ ಬೀಳಲು ಇದೇ ಹೊತ್ತು ಎಂದು ಹೇಳಿ ಹುರಿದುಂಬಿಸಿದವನು ಹೊನ್ನಾವರದ ತಿಮ್ಮಯ್ಯ. ಪೋರ್ಚುಗೀಸರ ಬರಹಗಳಲ್ಲಿ ಅವನು ತಿಮೋಜ. ಶರಾವತಿ ಕಡಲು ಸೇರುವ ಊರಿನವನ ಒಂದು ಸಲಹೆ ಏಷ್ಯಾದಲ್ಲಿ ಪೋರ್ಚುಗಲ್ಲಿಗೆ ರಾಜಧಾನಿಯೊಂದನ್ನು ಕೊಟ್ಟಿತು. ಲಿಸ್ಬನ್ನಿನ ಯಾವ ಗೈಡಿನ ಬಾಯಲ್ಲೂ ಈ ಹೆಸರು ನಾನು ಕೇಳಿಲ್ಲ. ಅವರನ್ನು ದೂರುತ್ತಿಲ್ಲ, ಅವರಿಗೆ ಈ ಕಥೆ ದಾಟಿಸುವ ಕೆಲಸವನ್ನು ನಾವೂ ಮಾಡಿಲ್ಲ. ಒಂದು ಹಳೆಯ ನಗರವನ್ನು ಒಬ್ಬರೇ ಗೈಡಿನ ಹಿಂದೆ ನಡೆದು ನೋಡಿ ಬಂದರೆ ಸಾಲದು ಅನ್ನುವುದಕ್ಕೆ ಇದೊಂದೇ ಮನೆ ಸಾಕು.

ಲಿಸ್ಬನ್ ನಡೆದೇ ನೋಡಬೇಕಾದ ಊರು. ಏಳು ಬೆಟ್ಟಗಳ ನಗರ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಹಳೆಯ ಬಡಾವಣೆಗಳ ಅನೇಕ ಓಣಿಗಳು ಮೆಟ್ಟಿಲುಗಳೇ ಆಗಿರುವುದರಿಂದ ಅಲ್ಲಿಗೆ ಬಸ್ಸೂ ಕಾರೂ ಹೋಗುವುದಿಲ್ಲ. ಬೆಳಗ್ಗೆ ರೊಸಿಯು, ಕಮೋಯಿಂಶ್ ಚೌಕ, ನದಿದಂಡೆಯ ಕೊಮೆರ್ಸಿಯು ಚೌಕಗಳಲ್ಲಿ ಬಣ್ಣದ ಛತ್ರಿ ಎತ್ತಿ ಹಿಡಿದ ಗೈಡ್‌ಗಳು ಕಾಯುತ್ತಿರುತ್ತಾರೆ. ಒಂದು ಬಗೆಯ ಟೂರ್‌ಗೆ ಮುಂಗಡ ಶುಲ್ಕವಿಲ್ಲ. ಎರಡು ಮೂರು ತಾಸು ನಡೆದ ಮೇಲೆ ಮೆಚ್ಚಿದಷ್ಟು ಕೊಡಬೇಕು. ಇನ್ನೊಂದು ಬಗೆಯದಕ್ಕೆ ಮೊದಲೇ ಹಣ ಕಟ್ಟಿ ಹೆಸರು ಬರೆಸಬೇಕು. ಗುಂಪು ಸಣ್ಣದು, ವಿಷಯ ಒಂದೇ. ಮೊದಲನೆಯದರಲ್ಲಿ ಊರಿನ ಒಟ್ಟು ನಕ್ಷೆ ಮನಸ್ಸಿಗೆ ಬರುತ್ತದೆ. ಆದರೆ ಕೊನೆಯಲ್ಲಿ ಬರುವ ಹಣವೇ ದುಡಿಮೆಯಾದವರು ಜನರಿಗೆ ಇರುಸುಮುರುಸಾಗುವ ಮಾತನ್ನು ಎಷ್ಟು ಹೊತ್ತು ಆಡಿಯಾರು? ಕಷ್ಟದ ಕಥೆಗಳಿಗೆ ಎರಡನೆಯ ಬಗೆಯದೇ ಸರಿ ಎಂಬುದು ನನ್ನ ಅಭಿಪ್ರಾಯ.

ಅಲ್ಫಾಮದಿಂದಲೇ ಶುರು ಮಾಡುವುದು ವಾಡಿಕೆ. ಗಟ್ಟಿ ಬಂಡೆಯ ಮೇಲಿರುವ ಈ ಬಡಾವಣೆ ಭೂಕಂಪಕ್ಕೆ ಬಹುಪಾಲು ಜಗ್ಗಲಿಲ್ಲ. ಹಾಗಾಗಿ ಅರಬರ ಕಾಲದ ಓಣಿಗಳ ಜಾಡು ಇನ್ನೂ ಉಳಿದಿದೆ. ಎರಡು ಕೈ ಚಾಚಿದರೆ ಎರಡೂ ಗೋಡೆ ತಾಗುವ ಸಂದಿಗಳು, ಕಿಟಕಿಯಿಂದ ಕಿಟಕಿಗೆ ಒಣಹಾಕಿದ ಬಟ್ಟೆ, ಮನೆಬಾಗಿಲಲ್ಲೇ ಕೂತು ಹುಳಿಚೆರ್ರಿ ಹಣ್ಣಿನ ಮದ್ಯ ಜಿಂಜಿನ್ಯವನ್ನು ಪುಟ್ಟ ಲೋಟದಲ್ಲಿ ಮಾರುವ ಅಜ್ಜಿಯರು. ಜೂನ್ 12ರ ರಾತ್ರಿ ಇಲ್ಲಿ ಸಂತ ಅಂತೋನಿಯ ಹಬ್ಬ. ಬೀದಿಬೀದಿಯಲ್ಲಿ ಕೆಂಡದ ಮೇಲೆ ಸಾರ್ಡೀನ್ ಮೀನು ಸುಡುವ ಹೊಗೆ. ಮಂಗಳೂರಿನವರಿಗೆ ಭೂತಾಯಿ ಎಂದರೆ ಹೆಚ್ಚು ವಿವರಿಸಬೇಕಿಲ್ಲ. ಅಂದು ಪ್ರೀತಿಪಾತ್ರರಿಗೆ ಪುಟ್ಟ ಕುಂಡದಲ್ಲಿ ಒಂದು ಗಿಡ ಕೊಡುತ್ತಾರೆ, ನಮ್ಮ ಕಾಮಕಸ್ತೂರಿಯ ಹತ್ತಿರದ ಬಂಧು. ಅದಕ್ಕೆ ಕಾಗದದ ಹೂವು, ನಾಲ್ಕು ಸಾಲಿನ ಪದ್ಯ ಸಿಕ್ಕಿಸಿರುತ್ತಾರೆ. ಗಿಡಕ್ಕೆ ಮೂಗು ಹಚ್ಚಿ ಮೂಸಬಾರದು. ಅಂಗೈಯಿಂದ ಸವರಿ ಕೈಯನ್ನು ಮೂಸಬೇಕು.

ಆದರೆ ಅಲ್ಫಾಮದ ಬೇರೆ ಮಾತನ್ನೂ ಹೇಳಲೇಬೇಕು. ಪ್ರವಾಸಿಗರಿಗೆ ದಿನದ ಬಾಡಿಗೆಗೆ ಮನೆ ಕೊಡುವ ವ್ಯವಹಾರ ಬೆಳೆದಂತೆ ತಲೆಮಾರುಗಳಿಂದ ಇದ್ದವರು ಬಾಡಿಗೆ ತೆರಲಾಗದೆ ಹೊರಬಿದ್ದರು. 2018ರಲ್ಲಿ ನಗರಸಭೆ ಅಲ್ಫಾಮ, ಮೊರಾರಿಯ, ಬೆಟ್ಟದ ಮೇಲಿನ ಕೋಟೆಯ ಸುತ್ತಮುತ್ತ, ಬೈರು ಆಲ್ತು ಬಡಾವಣೆಗಳಲ್ಲಿ ಇಂಥ ಹೊಸ ಪರವಾನಗಿಗಳನ್ನು ತಡೆಹಿಡಿಯಿತು. ಹೊರಬಿದ್ದವರು ಮರಳಿ ಬರಲಿಲ್ಲ. ಓಣಿಯಲ್ಲಿ ಈಗ ಸೂಟ್‌ಕೇಸ್ ಗಾಲಿಗಳ ಸದ್ದು ಕೇಳುತ್ತದೆ. ಧ್ವನಿವರ್ಧಕ ಹಿಡಿದು ಐವತ್ತು ಜನರನ್ನು ಆ ಸಂದಿಗೆ ನುಗ್ಗಿಸುವ ಟೂರ್‌ಗಳಿಗೆ ದಯವಿಟ್ಟು ಹೋಗಬೇಡಿ. ಆ ಕಿಟಕಿಗಳ ಹಿಂದೆ ಇನ್ನೂ ಜನ ಬದುಕುತ್ತಿದ್ದಾರೆ.

ಬೆಟ್ಟ ಇಳಿಯುವ ದಾರಿಯಲ್ಲಿ ಪ್ರಧಾನ ಇಗರ್ಜಿಯ ಪಕ್ಕ ಅಲ್ಜೂಬೆ ಎಂಬ ಹಳೆಯ ಸೆರೆಮನೆ ಇದೆ. ಸಲಾಜಾರನ ಸರ್ವಾಧಿಕಾರದ ಕಾಲದಲ್ಲಿ ರಾಜಕೀಯ ಕೈದಿಗಳನ್ನು ಒಬ್ಬರು ಹಿಡಿಯುವಷ್ಟೇ ಕೋಣೆಗಳಲ್ಲಿ ಇಲ್ಲಿ ಕೂಡಿಹಾಕುತ್ತಿದ್ದರು. 2015ರಿಂದ ಇದು ವಸ್ತುಸಂಗ್ರಹಾಲಯ. ಇಂಥದೇ ಇನ್ನೊಂದು ಸೆರೆ, ಲಿಸ್ಬನ್ನಿನ ಉತ್ತರಕ್ಕೆ ಕಡಲ ಮೇಲಿರುವ ಪೆನಿಶೆ ಕೋಟೆ. ಗೋವಾ ವಿಮೋಚನೆಯ ಹಿರಿಯ ಹೋರಾಟಗಾರ ತ್ರಿಸ್ತಾವ್ ದೆ ಬ್ರಾಗಾಂಸ ಕುನ್ಹ ಅವರನ್ನು 1946ರಲ್ಲಿ ಬಂಧಿಸಿ ಗಡೀಪಾರು ಮಾಡಿದ್ದು ಅಲ್ಲಿಗೆ.

ಅಲ್ಜೂಬೆಯಿಂದ ಕೆಳಗಿಳಿದರೆ ಬೈಶಾ ಎಂಬ ಬಡಾವಣೆ. ಇಲ್ಲಿ ಕಾಲು ನಿಧಾನವಾಗಲಿ. ಏಕೆಂದರೆ ನೀವು ನಡೆಯುವ ಪ್ರತಿ ಬೀದಿಯ ಕೆಳಗೂ ಇನ್ನೊಂದು ಲಿಸ್ಬನ್ ಹೂತುಹೋಗಿದೆ.

1755ರ ನವೆಂಬರ್ 1. ಸಕಲ ಸಂತರ ಹಬ್ಬ. ಬೆಳಗಿನ ಒಂಬತ್ತೂವರೆ ದಾಟಿತ್ತು, ಇಗರ್ಜಿಗಳಲ್ಲಿ ಜನ ಕಿಕ್ಕಿರಿದಿದ್ದರು, ಮೇಣದಬತ್ತಿಗಳು ಉರಿಯುತ್ತಿದ್ದವು. ನೆಲ ನಡುಗಿ ಚಾವಣಿಗಳು ಕುಸಿದವು. ಬದುಕಿ ಉಳಿದವರು ಬಯಲು ಹುಡುಕಿ ನದಿದಂಡೆಗೆ ಓಡಿದರು. ನದಿ ಹಿಂದೆ ಸರಿದು ತಳ ಕಾಣಿಸಿತು. ಆಮೇಲೆ ಅದೇ ನೀರು ಗೋಡೆಯಾಗಿ ಬಂತು. ಉಳಿದದ್ದನ್ನು ಬೆಂಕಿ ದಿನಗಟ್ಟಲೆ ಸುಟ್ಟಿತು. ಸತ್ತವರು ಹತ್ತಾರು ಸಾವಿರ. ಆ ವರ್ಷವಷ್ಟೇ ತೆರೆದಿದ್ದ ಒಪೆರಾ ಮಂದಿರ, ಅರಮನೆ, ಅರಮನೆಯ ಗ್ರಂಥಾಲಯ ಎಲ್ಲವೂ ಹೋದವು. ದೇವರ ಹಬ್ಬದ ದಿನ, ದೇವರ ಮನೆಯಲ್ಲೇ ಇಷ್ಟು ಜನ ಹೇಗೆ ಸತ್ತರು ಎಂಬ ಪ್ರಶ್ನೆ ಯುರೋಪಿನ ಚಿಂತಕರನ್ನೆಲ್ಲ ಕಲಕಿತು. ವಾಲ್ಟೇರ್ ತನ್ನ 'ಕ್ಯಾಂಡೀಡ್' ಕಾದಂಬರಿಯ ನಾಯಕನನ್ನು ನಡುಗುವ ಲಿಸ್ಬನ್ನಿಗೇ ತಂದ. ಕಾಂಟ್ ಭೂಕಂಪಕ್ಕೆ ಭೂಮಿಯೊಳಗಿನ ಕಾರಣ ಹುಡುಕುತ್ತ ಪ್ರಬಂಧಗಳನ್ನು ಬರೆದ.

ಮುಂದೆ ಪೊಂಬಾಲಿನ ಮಾರ್ಕ್ವಿಸ್ ಎಂದು ಹೆಸರಾದ ಮಂತ್ರಿ ಆಡಳಿತವನ್ನು ಕೈಗೆ ತೆಗೆದುಕೊಂಡ. ಎಲ್ಲ ಗೈಡ್‌ಗಳೂ ಅವನ ಕಥೆ ಹೇಳುತ್ತಾರೆ. ನನಗೆ ಹೆಚ್ಚು ಆಪ್ತನಾಗಿ ಕಾಣುವುದು ಮಾನುವೆಲ್ ದಾ ಮಾಯಾ ಎಂಬ ವೃದ್ಧ. ಎಪ್ಪತ್ತೈದು ದಾಟಿದ್ದ ಈತ ದೇಶದ ಮುಖ್ಯ ಎಂಜಿನಿಯರ್. ಜೊತೆಗೆ ತೊರೆ ದು ತೊಂಬು ಎಂಬ ರಾಷ್ಟ್ರೀಯ ದಫ್ತರದ ಪಾಲಕನೂ ಹೌದು. ಕೋಟೆಯ ಬುರುಜೊಂದರಲ್ಲಿದ್ದ ಆ ದಫ್ತರ ಭೂಕಂಪದಲ್ಲಿ ಉರುಳಿದಾಗ ಕಲ್ಲುಮಣ್ಣಿನ ರಾಶಿಯಿಂದ ಕಾಗದಪತ್ರಗಳನ್ನು ಎತ್ತಿಸಿ ಉಳಿಸಿದವನು ಇವನೇ. ಹೊಸ ನಗರ ಹೇಗಿರಬೇಕೆಂಬ ದಾರಿಗಳನ್ನು ಬರೆದು ಅರಸನ ಮುಂದಿಟ್ಟವನೂ ಇವನೇ: ಇದ್ದ ಹಾಗೇ ಕಟ್ಟಬಹುದು, ಬೀದಿ ಅಗಲಿಸಬಹುದು, ಎಲ್ಲ ನೆಲಸಮ ಮಾಡಿ ಹೊಸ ನಕ್ಷೆ ಹಾಕಬಹುದು, ಇಲ್ಲವೇ ಊರನ್ನೇ ಬಿಟ್ಟು ಬೆಲೇಂ ಕಡೆಗೆ ಹೋಗಬಹುದು. ನೆಲಸಮ ಮಾಡಿ ಕಟ್ಟುವುದೆಂದು ತೀರ್ಮಾನವಾಯಿತು. ಎವುಜೆನಿಯು ದುಸ್ ಸಾಂತುಸ್, ಕಾರ್ಲುಸ್ ಮಾರ್ಡೆಲ್ ಎಂಬ ವಾಸ್ತುಶಿಲ್ಪಿಗಳು ನೇರ ಬೀದಿಗಳ ಚೌಕುಳಿ ನಕ್ಷೆ ತೆಗೆದರು.

ಆ ಕಟ್ಟಡಗಳ ಗುಟ್ಟು ಹೊರಗೆ ಕಾಣುವುದಿಲ್ಲ. ಗೋಡೆಯೊಳಗೆ ಮರದ ತೊಲೆಗಳನ್ನು ಅಡ್ಡಡ್ಡ, ಗುಣಾಕಾರದ ಗುರುತಿನ ಹಾಗೆ ಜೋಡಿಸಿದ ಚೌಕಟ್ಟುಗಳಿವೆ. ನೆಲ ಅಲುಗಿದಾಗ ಮರ ಬಾಗುತ್ತದೆ. ಕಲ್ಲುಗಾರೆ ಬಿದ್ದರೂ ಮನೆ ನಿಲ್ಲಬೇಕು ಎಂಬುದು ಲೆಕ್ಕ. ಮಾದರಿಯ ಸುತ್ತ ಸೈನಿಕರನ್ನು ಕಾಲು ಅಪ್ಪಳಿಸಿ ನಡೆಸಿ ಪರೀಕ್ಷಿಸಿದರೆಂದು ಹೇಳುತ್ತಾರೆ. ಒಂದು ಮನೆಯ ಬೆಂಕಿ ಪಕ್ಕದ ಮನೆಗೆ ದಾಟದಂತೆ ನಡುಗೋಡೆಗಳನ್ನು ಚಾವಣಿಗಿಂತ ಎತ್ತರಕ್ಕೆ ಕಟ್ಟಿದರು. ಹಸಿ ನೆಲಕ್ಕೆ ಪೈನ್ ಮರದ ಗೂಟಗಳನ್ನು ಹೊಡೆದು ಅವುಗಳ ಮೇಲೆ ಪಾಯ ಹಾಕಿದರು. ಕೊರೆಯೈರುಸ್ ಬೀದಿಯ ಒಂದು ಬ್ಯಾಂಕಿನ ನೆಲಮಾಳಿಗೆಗೆ ಗೈಡ್ ಜೊತೆ ಇಳಿದರೆ ಆ ಗೂಟಗಳನ್ನು ನೋಡಬಹುದು. ಅವುಗಳ ಪಕ್ಕದಲ್ಲೇ ರೋಮನರು ಮೀನು ಉಪ್ಪುಹಾಕುತ್ತಿದ್ದ ತೊಟ್ಟಿಗಳಿವೆ. ಇಡೀ ಲಿಸ್ಬನ್ನಿನಲ್ಲಿ ಒಂದೇ ಕಡೆ ಹೋಗಲು ಹೊತ್ತಿದ್ದರೆ ಇಲ್ಲಿಗೇ ಹೋಗಿ ಎಂದು ಹೇಳುತ್ತೇನೆ. ಮೇಲೆ ಬೀದಿಗಳಿಗೆ ಕಸುಬುಗಳ ಹೆಸರು: ಚಿನ್ನದ ಬೀದಿ, ಬೆಳ್ಳಿಯ ಬೀದಿ, ಚಮ್ಮಾರರ ಬೀದಿ, ಬಟ್ಟೆ ವ್ಯಾಪಾರಿಗಳ ಬೀದಿ. ಕೊಳ್ಳೇಗಾಲವೋ ಹುಬ್ಬಳ್ಳಿಯೋ, ನಮ್ಮ ಪೇಟೆಗಳನ್ನು ಕಂಡವರಿಗೆ ಇದು ತಟ್ಟನೆ ತಿಳಿಯುತ್ತದೆ.

ಬೈಶಾದ ತುದಿಯಲ್ಲಿ ನದಿಗೆ ತೆರೆದ ವಿಶಾಲ ಚೌಕವಿದೆ. ಈಗ ಕೊಮೆರ್ಸಿಯು ಚೌಕ. ಹಳೆಯವರಿಗೆ ಇಂದಿಗೂ ಅರಮನೆ ಬಯಲು. ಅರಮನೆಯ ಜೊತೆಗೇ ಕಾಸಾ ದಾ ಇಂದಿಯಾ ಇತ್ತು. ಪೂರ್ವದಿಂದ ಬಂದ ಪ್ರತಿ ಮೂಟೆಯ ಲೆಕ್ಕ ಇಡುತ್ತಿದ್ದ ಸರ್ಕಾರಿ ಕಚೇರಿ ಅದು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದು ಕರೆದರಲ್ಲ, ಆ ಮೆಣಸಿನ ವ್ಯಾಪಾರದ ಇನ್ನೊಂದು ತುದಿ ಈ ಬಯಲು. ಕಾಸಾ ದಾ ಇಂದಿಯಾದ ಕಡತಗಳ ದೊಡ್ಡ ಪಾಲು 1755ರಲ್ಲಿ ನಾಶವಾಯಿತು. ನಮ್ಮ ಕರಾವಳಿಯ ಹದಿನಾರನೆಯ ಶತಮಾನದ ಎಷ್ಟು ಲೆಕ್ಕ, ಎಷ್ಟು ಹೆಸರು, ಎಷ್ಟು ಜಗಳ ಆ ಬೆಂಕಿಗೆ ಹೋದವೋ! ಚೌಕದ ನಡುವೆ ಕುದುರೆ ಏರಿದ ಜೊಸೆ ಅರಸನ ಪ್ರತಿಮೆಯ ಎದುರು ಗೈಡ್ ಮಾತಾಡುತ್ತಿದ್ದರೆ ನನ್ನ ಮನಸ್ಸೆಲ್ಲ ಆ ಕಡತಗಳ ಮೇಲೆ.

ಎಲ್ಲವೂ ಹೋಗಲಿಲ್ಲ ಎಂಬುದು ಸಮಾಧಾನ. ಶಾಲೆಯ ಪಠ್ಯದಲ್ಲಿ ನಾವೆಲ್ಲ ಓದಿದ ಪಾಯಸ್ ಮತ್ತು ನ್ಯೂನಿಜ್, ವಿಜಯನಗರವನ್ನು ಕಣ್ಣಾರೆ ಕಂಡು ಬರೆದ ಪೋರ್ಚುಗೀಸರು. ಅವರ ಬರಹದ ಹಸ್ತಪ್ರತಿ ಪ್ಯಾರಿಸ್ಸಿನಲ್ಲಿ ಉಳಿದಿತ್ತು. ದಾವಿದ್ ಲೊಪೆಸ್ ಎಂಬ ವಿದ್ವಾಂಸ ಅದನ್ನು 1897ರಲ್ಲಿ ಇದೇ ಲಿಸ್ಬನ್ನಿನಲ್ಲಿ ಅಚ್ಚು ಹಾಕಿಸಿದ. ಮೂರು ವರ್ಷಕ್ಕೆ ರಾಬರ್ಟ್ ಸೀವೆಲ್ ಇಂಗ್ಲಿಷಿಗೆ ತಂದ. ಭೂಕಂಪದಲ್ಲಿ ಅಳಿದ ರುವಾ ನೋವಾ ಎಂಬ ವರ್ತಕರ ಬೀದಿಯೂ ಹೀಗೇ ಒಂದು ಚಿತ್ರದಲ್ಲಿ ಉಳಿಯಿತು. ಇಂಗ್ಲೆಂಡಿನ ಹಳ್ಳಿಮನೆಯೊಂದರಲ್ಲಿ ತೂಗಾಡುತ್ತಿದ್ದ, ಎರಡು ತುಂಡಾದ ಹಳೆಯ ಚಿತ್ರ ಈ ಬೀದಿಯದೇ ಎಂದು ಇಬ್ಬರು ಇತಿಹಾಸಕಾರ್ತಿಯರು ಇತ್ತೀಚಿನ ವರ್ಷಗಳಲ್ಲಿ ಗುರುತಿಸಿದರು. ಅದರ ಜನಜಂಗುಳಿಯಲ್ಲಿ ಕಪ್ಪು ವರ್ಣದವರು ಅಲ್ಲಲ್ಲಿ ಕಾಣುತ್ತಾರೆ.

ಬೈಶಾದ ಇನ್ನೊಂದು ತುದಿ ರೊಸಿಯು. ಅಲ್ಲಿನ ರಾಷ್ಟ್ರೀಯ ರಂಗಮಂದಿರದ ಕಂಬಗಳ ಮುಂದೆ ಎಲ್ಲರೂ ಫೋಟೊ ತೆಗೆಯುತ್ತಾರೆ. ಆ ಜಾಗದಲ್ಲಿ ಹಿಂದೆ ಇದ್ದದ್ದು ಧರ್ಮವಿಚಾರಣೆಯ (ಇನ್‌ಕ್ವಿಸಿಷನ್) ಅರಮನೆ. ಗೋವಾದಲ್ಲಿ 1560ರಿಂದ ನಡೆದ ವಿಚಾರಣಾ ಮಂಡಳಿಗೂ ಮೇಲಧಿಕಾರ ಲಿಸ್ಬನ್ನಿನದೇ. ಕೊಂಕಣಿ ಮಾತಾಡುವ ಅನೇಕ ಕುಟುಂಬಗಳು ಊರು ಬಿಟ್ಟು ಕಾರವಾರ, ಕುಮಟಾ, ಮಂಗಳೂರುಗಳತ್ತ ಬಂದದ್ದಕ್ಕೆ ಇದ್ದ ಕಾರಣಗಳಲ್ಲಿ ಅದೂ ಒಂದು. ಪಕ್ಕದ ಸಾವ್ ದೊಮಿಂಗುಸ್ ಇಗರ್ಜಿಯ ಮುಂದೆ 2008ರಲ್ಲಿ ನಿಲ್ಲಿಸಿದ ಒಂದು ಕಲ್ಲಿದೆ. 1506ರ ಏಪ್ರಿಲ್‌ನಲ್ಲಿ, ಬರ ಮತ್ತು ಪ್ಲೇಗಿನ ನಡುವೆ, ಈ ಇಗರ್ಜಿಯ ಶಿಲುಬೆಯಲ್ಲಿ ಪವಾಡದ ಬೆಳಕು ಕಂಡಿತೆಂದು ಜನ ಕೂಗಿದರು. ಬಲವಂತವಾಗಿ ಮತಾಂತರಗೊಂಡಿದ್ದ ಯಹೂದಿಯೊಬ್ಬ ಅದು ಮೇಣದಬತ್ತಿಯ ಬೆಳಕು ಎಂದ. ಅವನನ್ನು ಅಲ್ಲೇ ಕೊಂದರು. ಮೂರು ದಿನಗಳ ಹತ್ಯೆಯಲ್ಲಿ ಸತ್ತವರು ಎರಡು ಸಾವಿರದಷ್ಟು, ಬಹುಶಃ ಅದಕ್ಕೂ ಹೆಚ್ಚು. ಇಗರ್ಜಿ 1959ರಲ್ಲಿ ಬೆಂಕಿಗೆ ಸಿಕ್ಕಿತು. ಸುಟ್ಟು ಸಿಡಿದ ಕಂಬಗಳನ್ನು ಹಾಗೇ ಬಿಟ್ಟಿದ್ದಾರೆ. ಇದೇ ಚೌಕದಲ್ಲಿ ಸಂಜೆ ಗಿನಿ-ಬಿಸಾವುವಿನಿಂದ ಬಂದವರು ಸೇರಿ ಹರಟುತ್ತಾರೆ. ನೂರಾರು ಜನ ನಡೆಯುವ ಈ ಜಾಗದಲ್ಲಿ ಹತ್ತು ನಿಮಿಷ ನಿಲ್ಲದ ಗೈಡ್ ಒಳ್ಳೆಯ ಗೈಡ್ ಅಲ್ಲ ಎಂದೇ ನನ್ನ ನಂಬಿಕೆ.

ಇಲ್ಲಿಂದ ಕೂಗಳತೆಯಲ್ಲಿ ಮೊರಾರಿಯ. 1147ರಲ್ಲಿ ಅಫೊನ್ಸೊ ಹೆನ್ರಿಕೆಸ್ ಉತ್ತರ ಯುರೋಪಿನ ಧರ್ಮಯೋಧರ ನೆರವಿನಿಂದ ಲಿಸ್ಬನ್ ಗೆದ್ದ ಮೇಲೆ, ಸೋತ ಮುಸ್ಲಿಮರಿಗೆ ಕೋಟೆಯ ಹೊರಗೆ ಬಿಟ್ಟುಕೊಟ್ಟ ಇಳಿಜಾರು ಇದು. 1496ರ ರಾಜಾಜ್ಞೆ ಅವರೂ ಯಹೂದಿಗಳೂ ದೇಶವನ್ನೇ ಬಿಟ್ಟು ಹೋಗಬೇಕೆಂದಿತು. ಆಮೇಲೆ ಇದು ಬಡವರ, ನಾವಿಕರ, ಕೂಲಿಯವರ ಕೇರಿ. ಕಪೆಲಾವ್ ಬೀದಿಯಲ್ಲಿ ಬಾಳಿದ ಮರಿಯಾ ಸೆವೆರಾ 1846ರಲ್ಲಿ ಇಪ್ಪತ್ತಾರಕ್ಕೇ ಸತ್ತಳು. ಫಾದೊ ಹಾಡಿನ ಮೊದಲ ದೊಡ್ಡ ಹೆಸರು ಅವಳದು. ಆ ಹಾಡಿಗೆ 2011ರಲ್ಲಿ ಯುನೆಸ್ಕೊ ಮನ್ನಣೆ ಬಂತು. ಸಲಾಜಾರನ ಕಾಲದಲ್ಲಿ ಸ್ವಚ್ಛತೆಯ ಹೆಸರಿನಲ್ಲಿ ಈ ಕೇರಿಯ ಕೆಳಭಾಗವನ್ನೇ ಕೆಡವಿ ಹಾಕಿದರು. ಮಾರ್ಟಿಂ ಮೊನೀಸ್ ಚೌಕ ಆ ಗಾಯದ ಜಾಗ.

ಈಗ ಇಲ್ಲಿ ಗೋಡೆಗಳ ಮೇಲೆ ಕೇರಿಯ ಹಿರಿಯರ ದೊಡ್ಡ ಕಪ್ಪುಬಿಳುಪು ಫೋಟೊಗಳಿವೆ, ಕ್ಯಾಮಿಲಾ ವಾಟ್ಸನ್ ಎಂಬ ಛಾಯಾಗ್ರಾಹಕಿ ತೆಗೆದು ಅವರವರ ಬೀದಿಯಲ್ಲೇ ಮೂಡಿಸಿದವು. ಬೆನ್‌ಫರ್ಮೋಜು ಬೀದಿಗೆ ಬಂದರೆ ಬಾಂಗ್ಲಾದ ಮೀನು, ನೇಪಾಳದ ಮೊಮೊ, ಜೀರಿಗೆ, ಹಾಗಲಕಾಯಿ, ಬೆಂಡೆಕಾಯಿ. 1975ರಲ್ಲಿ ಮೊಜಾಂಬಿಕ್ ಸ್ವತಂತ್ರವಾದ ಮೇಲೆ ಅಲ್ಲಿಂದ ಬಂದ ಗುಜರಾತಿ ಮೂಲದವರು ಈ ಸುತ್ತಿನಲ್ಲಿ ಅಂಗಡಿ ತೆರೆದರು. ಉಳಿದವರು ಅವರ ಹಿಂದೆ ಬಂದರು. ಗೋವಾ ಮೂಲದ ಅಂತೋನಿಯು ಕೊಸ್ತಾ ಇಲ್ಲಿ ಮೇಯರ್ ಆಗಿದ್ದಾಗ, 2011ರಲ್ಲಿ, ತಮ್ಮ ಕಚೇರಿಯನ್ನೇ ಪಕ್ಕದ ಇಂತೆಂದೆಂತೆ ಚೌಕಕ್ಕೆ ತಂದರು. ಕೈಬಿಟ್ಟ ಕೇರಿಯತ್ತ ಊರು ಮುಖ ತಿರುಗಿಸಲಿ ಎಂದು. ಮುಂದೆ ಅವರು ಪ್ರಧಾನಿಯಾದರು.

ಇಲ್ಲಿಗೆ ಮೈಗ್ರಾಂಟೂರ್ ಎಂಬ ನಡಿಗೆಯಲ್ಲಿ ಹೋಗಿ. ಇಟಲಿಯ ಟ್ಯೂರಿನ್ನಿನಲ್ಲಿ ಹುಟ್ಟಿ ಯುರೋಪಿನ ಹಲವು ನಗರಗಳಿಗೆ ಹಬ್ಬಿದ ಈ ಯೋಜನೆಯಲ್ಲಿ ಗೈಡ್ ಆಗುವವರು ವಲಸೆ ಬಂದವರೇ. ಲಿಸ್ಬನ್ನಿನಲ್ಲಿ ಇದನ್ನು ನಡೆಸುವುದು ಕೇರಿಯವರೇ ಕಟ್ಟಿದ ರೆನೊವಾರ್ ಆ ಮೊರಾರಿಯ ಎಂಬ ಸಂಘ. ತಾವು ಬದುಕುವ ಬೀದಿಯನ್ನು ತಾವೇ ತೋರಿಸುವಾಗ ಮಾತಿನ ತೂಕವೇ ಬೇರೆ. 2024ರ ಡಿಸೆಂಬರಿನಲ್ಲಿ ಬೆನ್‌ಫರ್ಮೋಜು ಬೀದಿಯಲ್ಲಿ ಪೊಲೀಸರು ಹತ್ತಾರು ವಲಸಿಗರನ್ನು ಗೋಡೆಗೆ ಮುಖ ಮಾಡಿ ಸಾಲಾಗಿ ನಿಲ್ಲಿಸಿ ತಪಾಸಣೆ ಮಾಡಿದರು. ಆ ಚಿತ್ರ ದೇಶವನ್ನು ಕಲಕಿತು. ಮುಂದಿನ ತಿಂಗಳು ಸಾವಿರಾರು ಜನ ಬೀದಿಗಿಳಿದು ಅದನ್ನು ಖಂಡಿಸಿದರು. ಅದೇ ಗೋಡೆಯ ಎದುರು ಒಬ್ಬ ಬಾಂಗ್ಲಾದೇಶಿ ಅಂಗಡಿಯವನಿಂದ ಚಹಾ ಕೊಂಡು ಕುಡಿಯದೆ ಲಿಸ್ಬನ್ ನೋಡಿದೆ ಎನ್ನಲಾಗದು.

ಶಿಯಾದು ಮತ್ತು ಬೈರು ಆಲ್ತುಗಳನ್ನು ಬೇಗ ದಾಟಬಹುದು. ಪುಸ್ತಕಪ್ರಿಯರು 1732ರಿಂದ ನಡೆದು ಬಂದ ಬರ್ಟ್ರಾಂಡ್ ಪುಸ್ತಕದಂಗಡಿಗೆ ಹೋಗಿಯೇ ಹೋಗುತ್ತಾರೆ. ಕಾರ್ಮು ಚೌಕದಲ್ಲಿ ಮಾತ್ರ ನಿಲ್ಲಿ. ಚಾವಣಿಯಿಲ್ಲದ ಮಠ ಭೂಕಂಪದ ಗುರುತು. ಪಕ್ಕದ ಠಾಣೆ 1974ರ ಏಪ್ರಿಲ್ 25ರ ಗುರುತು. ಅಂದು ಸರ್ವಾಧಿಕಾರದ ಕೊನೆಯ ಪ್ರಧಾನಿ ಮಾರ್ಸೆಲು ಕಾಯೆತಾನು ಅಲ್ಲಿ ಅಡಗಿದ್ದಾಗ ಕ್ಯಾಪ್ಟನ್ ಸಾಲ್ಗೈರು ಮಾಯಾ ಸೈನಿಕರೊಂದಿಗೆ ಸುತ್ತುವರಿದು ಶರಣಾಗಿಸಿದ. ಬಂದೂಕಿನ ನಳಿಗೆಗಳಲ್ಲಿ ಜನ ಕಾರ್ನೇಷನ್ ಹೂವು ಇಟ್ಟರು. ಆದರೂ ಅದೇ ದಿನ, ಕೆಲವೇ ಬೀದಿಗಳಾಚೆ, ಗುಪ್ತ ಪೊಲೀಸರು ತಮ್ಮ ಕಚೇರಿಯಿಂದ ಗುಂಡು ಹಾರಿಸಿ ನಾಲ್ವರನ್ನು ಕೊಂದರು. ಹೂವಿನ ಕಥೆ ಹೇಳುವವರು ಇದನ್ನೂ ಹೇಳಬೇಕು.

ಅಲ್ಲಿಂದ ಪಶ್ಚಿಮಕ್ಕಿಳಿದರೆ ಪೊಸು ದುಸ್ ನೆಗ್ರುಸ್ ಬೀದಿ. ಈಗ ಚಂದದ ಕಾಫಿ ಅಂಗಡಿಗಳು. ಹದಿನಾರನೆಯ ಶತಮಾನದ ನಡುವೆ ಊರಿನ ಹತ್ತು ಜನರಲ್ಲಿ ಒಬ್ಬರು ಗುಲಾಮರು. ಸತ್ತ ಗುಲಾಮರ ಹೆಣಗಳನ್ನು ಎಲ್ಲೆಂದರಲ್ಲಿ ಎಸೆಯುತ್ತಿದ್ದರು. 1515ರಲ್ಲಿ ಮಾನುವೆಲ್ ಅರಸ ಅವುಗಳಿಗಾಗಿ ಗುಂಡಿ ತೋಡಿಸಲು ಆಜ್ಞೆ ಮಾಡಿದ. ಬೀದಿಯ ಹೆಸರು ಬಂದದ್ದು ಆ ಗುಂಡಿಯಿಂದ ಎಂಬ ನಂಬಿಕೆಯಿದೆ. ಆಫ್ರಿಕನ್ ಲಿಸ್ಬನ್ನಿನ ನಡಿಗೆಗಳು ಇಲ್ಲಿಗೆ ಬರುತ್ತವೆ. ಸಾಮಾನ್ಯ ಟೂರ್‌ಗಳು ಬರುವುದಿಲ್ಲ. ಅವು ಬೆಲೇಂಗೆ ಹೋಗುತ್ತವೆ. ಕಾಳುಮೆಣಸು ಮತ್ತಿತರ ಸರಕಿನ ಮೇಲಿನ ಶೇಕಡಾ 5ರಷ್ಟು ತೆರಿಗೆಯಿಂದ ಎದ್ದ ಜೆರೊನಿಮುಸ್ ಮಠ, ಅದರೊಳಗೆ ವಾಸ್ಕೊ ಡ ಗಾಮನ ಸಮಾಧಿ, ನದಿಯ ಬದಿಗೆ ನಾವಿಕರ ದೊಡ್ಡ ಸ್ಮಾರಕ. ಮಠದ ಕಲ್ಲಿನ ಕೆಲಸ ಅದ್ಭುತ, ಅದನ್ನು ತಪ್ಪಿಸಬಾರದು. ಸ್ಮಾರಕವು 1940ರ ಸಾಮ್ರಾಜ್ಯ ಪ್ರದರ್ಶನಕ್ಕೆ ತಾತ್ಕಾಲಿಕವಾಗಿ ಕಟ್ಟಿದ್ದು, 1960ರಲ್ಲಿ ಕಲ್ಲು ಕಾಂಕ್ರೀಟಿಗೆ ತಿರುಗಿತು. ಆ ಪ್ರದರ್ಶನದಲ್ಲಿ ವಸಾಹತುಗಳ ಜನರನ್ನೇ ಕರೆತಂದು ತೋಟದಲ್ಲಿ ನೋಡಲು ಇಟ್ಟಿದ್ದರು. ಆ ತೋಟ ಮಠದ ಪಕ್ಕದಲ್ಲೇ ಇದೆ; ಗೈಡ್ ಕರೆದೊಯ್ಯದಿದ್ದರೆ ನೀವೇ ಕೇಳಿ.

ಕೊನೆಗೆ ಕಾಲ ಕೆಳಗಿನ ಮಾತು. ಲಿಸ್ಬನ್ನಿನ ಬಹುಪಾಲು ಕಾಲುದಾರಿಗಳಿಗೆ ಬಿಳಿ ಸುಣ್ಣಕಲ್ಲು, ಕರಿ ಕಲ್ಲುಗಳ ಪುಟ್ಟ ತುಂಡು ಹಾಸಿದ್ದಾರೆ. ಈ ಚಿತ್ರಹಾಸನ್ನು 1842ರಲ್ಲಿ ಮೊದಲು ಹಾಕಿದವರು ಕೋಟೆಯ ಸೆರೆಯಲ್ಲಿದ್ದ ಕೈದಿಗಳು. ರೊಸಿಯುವಿನ ಅಲೆಯಲೆಯ ಹಾಸು ಕೆಲವೇ ವರ್ಷಗಳ ನಂತರದ್ದು. ಮಳೆ ಬಿದ್ದರೆ ಜಾರುತ್ತದೆ, ಹಿಡಿತವಿರುವ ಬೂಟು ಬೇಕು. ಈ ಕಸುಬು ಕಲಿಯುವವರು ಕಡಿಮೆಯಾದಾಗ ನಗರಸಭೆ 1986ರಲ್ಲಿ ಒಂದು ಶಾಲೆಯನ್ನೇ ತೆರೆಯಿತು. ರಿಪೇರಿ ನಡೆಯುವ ಕಡೆ ಕೆಲಸಗಾರ ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಕಲ್ಲು ಹಿಡಿದು, ಇನ್ನೊಂದರ ಸುತ್ತಿಗೆಯಿಂದ ಎರಡೇ ಪೆಟ್ಟಿಗೆ ಬೇಕಾದ ಆಕಾರ ತರುತ್ತಾನೆ. ದಿನವಿಡೀ ಹೀಗೆ ಕೂತರೆ ಮಂಡಿಗೂ ಸೊಂಟಕ್ಕೂ ಏನಾಗುತ್ತದೆಂದು ಕೇಳಿದರೆ ಅವನೇ ಹೇಳುತ್ತಾನೆ. ಗುಂಪು ಮುಂದೆ ಹೋಗುತ್ತಿದ್ದರೂ ಗೈಡನ್ನು ಅಲ್ಲಿ ಐದು ನಿಮಿಷ ನಿಲ್ಲಿಸಿ, ಆ ಕೆಲಸಗಾರನ ಮಾತನ್ನು ನಿಮಗೆ ಅನುವಾದ ಮಾಡಿಕೊಡಲು ಹೇಳಿ.